ಚಂದ್ರವಳ್ಳಿಯ ಕರಡಿ, ಹೊಲದ ಹಾವು ಮತ್ತು ಶಾಲೆಯ ಕರ್ತವ್ಯ

ಚಂದ್ರವಳ್ಳಿಯ ಕಣಿವೆಯನ್ನು ಸುತ್ತುವರಿದ ಬೆಟ್ಟಗಳಲ್ಲಿ ಒಂದಕ್ಕೆ ಕಿರುಬನಕಲ್ಲು ಎಂದು ಹೆಸರು. ಹೆಸರಿಟ್ಟ ಹಿರಿಯರಿಗೆ ಆ ಬಂಡೆಗಳ ಒಡೆಯರು ಯಾರೆಂಬುದು ಚೆನ್ನಾಗಿ ತಿಳಿದಿದ್ದಿರಬೇಕು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿ ಶಾತವಾಹನರ ಕಾಲದ ನೆಲೆಯನ್ನು ಬೆಳಕಿಗೆ ತಂದರು. ಮಯೂರಶರ್ಮನ ಶಾಸನವು ಕೆರೆ ಕಟ್ಟಿಸಿದ ಸಂಗತಿಯನ್ನು ಸಾರುತ್ತಿದೆ. ಇಷ್ಟು ಪ್ರಾಚೀನ ಕಾಲದಿಂದ ಮನುಷ್ಯನು ಇಲ್ಲಿ ಮೃಗಗಳ ನೆರೆಯವನಾಗಿಯೇ ಬಾಳಿದ್ದಾನೆ. ಇಂದು ನಸುಕಿನಲ್ಲಿ ವಾಯುಸೇವನೆಗೆ ಬರುವ ನಾಗರಿಕರು, ಗುಹೆಗಳನ್ನು ನೋಡಲು ಬರುವ ವಿದ್ಯಾರ್ಥಿವೃಂದ, ಸೀತಾಫಲ ಕೀಳುವ ಮತ್ತು ಕುರಿ ಮೇಯಿಸುವ ಬಡಜನರು ಎಲ್ಲರೂ ಅದೇ ದಾರಿಯಲ್ಲಿ ನಡೆಯುತ್ತಾರೆ. ನೆರೆಯ ಪ್ರಾಣಿಯ ರೀತಿನೀತಿಗಳ ಅರಿವು ಮಾತ್ರ ಕುರುಬರನ್ನು ಬಿಟ್ಟರೆ ಉಳಿದವರಲ್ಲಿ ಕ್ಷೀಣಿಸುತ್ತ ಬಂದಿದೆ.

ದುರ್ಗದ ನೆಲದಲ್ಲಿ ಆತ್ಮರಕ್ಷಣೆ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಒನಕೆ ಹಿಡಿದ ಓಬವ್ವನ ಮೂರ್ತಿ. ಶತ್ರುಸೈನ್ಯಕ್ಕೆ ಅದು ತಕ್ಕ ಉತ್ತರ, ಕರಡಿಗೆ ಅಲ್ಲ. ಕರಡಿಯ ಘ್ರಾಣಶಕ್ತಿ ತೀಕ್ಷ್ಣವಾದರೂ ದೃಷ್ಟಿ ಮಂದ. ಹುತ್ತಕ್ಕೆ ಮೂತಿಯಿಟ್ಟು ಸದ್ದು ಮಾಡುತ್ತ ಗೆದ್ದಲನ್ನು ಹೀರುವಾಗ ಮನುಷ್ಯ ಸಮೀಪಿಸಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಕೆಲವೇ ಹೆಜ್ಜೆಗಳ ಅಂತರದಲ್ಲಿ ಒಮ್ಮೆಲೇ ಎದುರಾದಾಗ ಅದು ಬೆದರಿ ಮೇಲೆರಗುತ್ತದೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿಯ ರೋಷವಂತೂ ಹೇಳತೀರದು. ಇದು ಹಸಿವಿನ ಬೇಟೆಯಲ್ಲ, ಅಂಜಿಕೆಯ ಪ್ರಹಾರ. ಆದರೂ ಮುಖ ಮತ್ತು ತಲೆಗೆ ಆಗುವ ಗಾಯಗಳು ಬಾಳನ್ನೇ ವಿಕಾರಗೊಳಿಸುತ್ತವೆ.

ಆದುದರಿಂದ ಶಸ್ತ್ರಕ್ಕಿಂತ ಸದ್ದೇ ಮೇಲು. ಮುಂಜಾವು ಮುಸ್ಸಂಜೆಗಳಲ್ಲಿ ಪೊದೆಗಳ ದಾರಿಯನ್ನು ವರ್ಜಿಸುವುದು, ಹೋಗಲೇಬೇಕಾದರೆ ಗುಂಪಾಗಿ ಮಾತನಾಡುತ್ತ, ಕೋಲಿನಿಂದ ಬಂಡೆ ತಟ್ಟುತ್ತ ಹೋಗುವುದು ವಿವೇಕ. ಹಗಲಿನಲ್ಲಿ ಕರಡಿ ವಿಶ್ರಮಿಸುವುದು ಬಂಡೆಯ ಸಂದಿಗಳಲ್ಲಿಯೇ. ಅಲ್ಲಿ ಇಣುಕಿನೋಡುವ ಕುತೂಹಲ ಸಲ್ಲದು. ಕಿವಿಗೆ ಮೊಬೈಲಿನ ಹಾಡು ತುಂಬಿಕೊಂಡು ಒಂಟಿಯಾಗಿ ನಡೆಯುವವರ ಪರಿಸ್ಥಿತಿ ವಿಚಿತ್ರ: ಇವರ ಸುಳಿವು ಕರಡಿಗೆ ಸಿಗದು, ಕರಡಿಯ ಸದ್ದು ಇವರಿಗೆ ಕೇಳಿಸದು. ದೂರದಲ್ಲಿ ಕಂಡರೆ ಕಲ್ಲೆಸೆಯದೆ, ಓಡದೆ ಮೆಲ್ಲನೆ ಹಿಂದೆ ಸರಿಯಬೇಕು. ಮೇಲೆ ಬಿದ್ದಾಗ ಬೋರಲು ಮಲಗಿ, ಕತ್ತಿನ ಹಿಂದೆ ಎರಡೂ ಕೈಗಳನ್ನು ಹೆಣೆದು, ಮುಖವನ್ನು ಕಾಪಾಡಿಕೊಳ್ಳುವುದೊಂದೇ ಉಳಿದ ಮಾರ್ಗ. ಚಿರತೆಯ ವಿಷಯದಲ್ಲಿ ಮಾತ್ರ ಬಾಗದೆ ನೆಟ್ಟಗೆ ನಿಂತು, ಮಕ್ಕಳನ್ನು ಮಗ್ಗುಲಲ್ಲಿಟ್ಟುಕೊಂಡು, ಗದರುವುದು ಹಿತ.

1972ರ ‘ನಾಗರಹಾವು’ ಚಲನಚಿತ್ರವು ದುರ್ಗದ ಬಂಡೆಗಳನ್ನು ನಾಡಿಗೆಲ್ಲ ಪರಿಚಯಿಸಿತು. ಕಲ್ಲು ನೆಲವನ್ನು ಪ್ರೀತಿಸುವ ನಿಜವಾದ ಹಾವು ಬೇರೆ; ಅದು ಎರಡಡಿಯನ್ನೂ ಅಪರೂಪಕ್ಕೆ ಮೀರುವ ಗರಗಸ ಮಂಡಲ. ಇದರ ಜೊತೆಗೆ ನಾಗರ, ಕಟ್ಟುಹಾವು, ಕೊಳಕುಮಂಡಲಗಳೂ ಸೇರಿದರೆ ನಮ್ಮ ದೇಶದ ನಾಲ್ಕು ಪ್ರಮುಖ ವಿಷಸರ್ಪಗಳಾದವು. 2000ದಿಂದ 2019ರವರೆಗಿನ ಮರಣಗಳನ್ನು ಪರಿಶೀಲಿಸಿದ ಅಧ್ಯಯನವು ಭಾರತದಲ್ಲಿ ಹಾವು ಕಡಿದು ಸಾಯುವವರ ಸಂಖ್ಯೆಯನ್ನು ವರ್ಷಕ್ಕೆ ಸರಾಸರಿ 58,000 ಎಂದು ಅಂದಾಜಿಸಿದೆ. ಅವುಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಎಂದರೆ ಹೊಲದ ಕೆಲಸ ಹೆಚ್ಚಿರುವ ತಿಂಗಳುಗಳಲ್ಲಿ ಸಂಭವಿಸುತ್ತವೆ. ಕರಡಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಕಳೆ ಕೀಳುವ ಹೆಣ್ಣುಮಗಳ ಸಾವು ಓಣಿಯನ್ನು ದಾಟುವುದಿಲ್ಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿದ್ದು ಈ ದೃಷ್ಟಿಯಿಂದ ಸ್ತುತ್ಯರ್ಹ ಕ್ರಮ.

ಕಡಿತಕ್ಕೆ ಸಾಮಾನ್ಯವಾಗಿ ಗುರಿಯಾಗುವುದು ಕಾಲು ಮತ್ತು ಕೈ. ಮೊಣಕಾಲುದ್ದದ ರಬ್ಬರ್ ಬೂಟು, ರಾತ್ರಿ ನೀರು ಹಾಯಿಸುವವರಿಗೆ ಬ್ಯಾಟರಿ ದೀಪ, ಶೇಂಗಾ ಬಳ್ಳಿಯ ಗುಡ್ಡೆಗೆ ಕೈಯಿಡುವ ಮುನ್ನ ಕೋಲಿನಿಂದ ಕೆದಕುವ ರೂಢಿ: ಇಷ್ಟರಿಂದಲೇ ಎಷ್ಟೋ ಅನಾಹುತಗಳು ತಪ್ಪುತ್ತವೆ. ಕಡಿದ ಮೇಲೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಕೇಡನ್ನೇ ಹೆಚ್ಚಿಸುತ್ತವೆ. ಬಾವು ಏರುವ ಮೊದಲೇ ಉಂಗುರ, ಬಳೆ, ಕಾಲುಂಗುರಗಳನ್ನು ತೆಗೆದು, ಮುರಿದ ಮೂಳೆಗೆ ಮಾಡುವಂತೆ ಆ ಅವಯವಕ್ಕೆ ದಬ್ಬೆಯ ಆಸರೆ ಕೊಟ್ಟು, ನಡೆಸದೆ ಆಸ್ಪತ್ರೆಗೆ ಸಾಗಿಸಬೇಕು. ಹಾವನ್ನು ಕೊಂದು ಒಯ್ಯುವ ಅಗತ್ಯವಿಲ್ಲ. ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿ ಮಂಡಲದ ವಿಷವನ್ನು ವೈದ್ಯರು ಗುರುತಿಸಬಲ್ಲರು. ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷವು ನಾಲ್ಕೂ ಹಾವುಗಳ ವಿಷಕ್ಕೆ ಒಂದೇ.

ಇದೆಲ್ಲ ಪಠ್ಯಪುಸ್ತಕದ ಮೂಲೆಯಲ್ಲಿದ್ದರೆ ಸಾಲದು. ಶ್ರೀಮಠದ ಶಾಲೆಗೆ ಬರುವ ಮಕ್ಕಳಲ್ಲಿ ಹಲವರು ಕೂಲಿಯವರ, ಕುರಿಗಾಹಿಗಳ ಮನೆಯವರು. ಮುಂಗಾರಿಗೆ ಮೊದಲು ಒಂದು ದಿನವನ್ನು ಈ ಶಿಕ್ಷಣಕ್ಕೆ ಮೀಸಲಿಟ್ಟರೆ ಅದು ಮಕ್ಕಳ ಮೂಲಕ ಮನೆಮನೆಗೂ ಮುಟ್ಟುತ್ತದೆ. ಹೊರಸಂಚಾರಕ್ಕೆ ಹೊರಡುವ ಉಪಾಧ್ಯಾಯರ ಬಳಿ ಪ್ರತಿವಿಷ ದೊರೆಯುವ ಸಮೀಪದ ಆಸ್ಪತ್ರೆಯ ಹೆಸರೂ ವಾಹನದ ಏರ್ಪಾಡೂ ಇರಲೇಬೇಕು. ಇನ್ನು ದಾನಿಗಳ ಮಾತು. ಕೊಠಡಿಗಳ ಮೇಲೆ ಅಮೃತಶಿಲೆಯ ಫಲಕಗಳಿಗೆ ಕೊರತೆಯಿಲ್ಲ. ಅಂಥ ಒಂದು ಫಲಕದ ವೆಚ್ಚದಲ್ಲಿ ಎಷ್ಟು ಜೊತೆ ಬೂಟು, ಎಷ್ಟು ಬ್ಯಾಟರಿ ದೀಪ ಬರಬಹುದೆಂದು ಮಹನೀಯರು ಮುಂದಿನ ಮಳೆಗಾಲಕ್ಕೆ ಮುನ್ನ ಒಮ್ಮೆ ಅಂಗಡಿಯಲ್ಲಿ ವಿಚಾರಿಸಿ ನೋಡಬಹುದು.