ಮೂವತ್ತು ನಾಣ್ಯದ ಮಂತ್ರ ಮತ್ತು ನನ್ನ ಪೂರ್ವಜ್ಞಾನ ಪ್ರಶ್ನೆಗಳು

ಪಾಠಯೋಜನೆಯಲ್ಲಿ 'ಪೂರ್ವಜ್ಞಾನ' ಎಂಬ ಕಾಲಂ ಇದೆಯಲ್ಲ, ಅದನ್ನು ತುಂಬುವಾಗ ನಾವು ಪ್ರಶಿಕ್ಷಣಾರ್ಥಿಗಳು ಹೆಚ್ಚು ಯೋಚಿಸುವುದಿಲ್ಲ. ಒಂಬತ್ತನೇ ತರಗತಿಗೆ ರಾಸಾಯನಿಕ ಸೂತ್ರಗಳ ಪಾಠ ಮಾಡಲು ಹೊರಟಾಗ ನಾನೂ 'ವಿದ್ಯಾರ್ಥಿಗಳು ಧಾತುಗಳ ಸಂಕೇತಗಳನ್ನು ತಿಳಿದಿದ್ದಾರೆ' ಎಂದು ಬರೆದು ಮುಂದೆ ಹೋಗಿದ್ದೆ.

ತರಗತಿಯಲ್ಲಿ ಅಡುಗೆ ಉಪ್ಪಿನ ಸೂತ್ರ ಬರೆಯಲು ಒಬ್ಬ ಹುಡುಗನನ್ನು ಕರೆದೆ. ಅವನು ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ 'ಎಸ್‌ಸಿಎಲ್' ಎಂದು ಬರೆದ. ನಾಲ್ಕೈದು ಜನ ನಕ್ಕರು. "ಸೋಡಿಯಂಗೆ ಎಸ್ ಅಲ್ವಾ ಸರ್?" ಎಂದ. ಹಿಂದಿನ ಬೆಂಚಿನಲ್ಲಿ ಉಪನ್ಯಾಸಕರು ವೀಕ್ಷಣಾ ನಮೂನೆ ಹಿಡಿದು ಕೂತಿದ್ದರು. ಪೀಠಿಕೆಗೆ ಐದು ನಿಮಿಷ, ಅದರಲ್ಲಿ ಮೂರು ಆಗಿಹೋಗಿತ್ತು. "ತಪ್ಪು, ಕೂತ್ಕೋ" ಎಂದು ಪಕ್ಕದ ಹುಡುಗಿಯನ್ನು ಎಬ್ಬಿಸಿದೆ. ಅವಳು ಸರಿಯಾಗಿ ಹೇಳಿದಳು. ಪಾಠ ಸಾಗಿತು, ಪೀಠಿಕೆಗೆ ಒಳ್ಳೆಯ ಅಂಕಗಳೂ ಬಂದವು. ಆ ಹುಡುಗ ಮಾತ್ರ ಉಳಿದ ಅವಧಿಯಲ್ಲಿ ಒಮ್ಮೆಯೂ ತಲೆ ಎತ್ತಲಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಪಿಯುಸಿ ಮುಗಿದ ರಜೆಯಲ್ಲಿ ಆಡಿದ್ದ 'ಸ್ಕೈರಿಮ್' ಎಂಬ ಕಂಪ್ಯೂಟರ್ ಆಟದ ಒಂದು ಸೇತುವೆ. ಬೋಧನಾಭ್ಯಾಸದ ಪತ್ರಿಕೆಯಲ್ಲಿ ಆಟದ ಮಾತೇಕೆ ಎನ್ನುವವರಿರಬಹುದು. ವಿಡಿಯೋ ಆಟಗಳು ಕಲಿಕೆಯ ಬಗ್ಗೆ ನಮಗೇನು ಹೇಳಿಕೊಡುತ್ತವೆ ಎಂದು ಜೇಮ್ಸ್ ಪಾಲ್ ಗೀ 2003ರಲ್ಲಿಯೇ ಒಂದು ಪುಸ್ತಕ ಬರೆದಿದ್ದಾರೆ. ಆ ಧೈರ್ಯದ ಮೇಲೆ ಮುಂದುವರಿಯುತ್ತೇನೆ.

'ಎಲ್ಡರ್ ಸ್ಕ್ರೋಲ್ಸ್' ಎಂಬ ಆಟಗಳ ಸರಣಿಯ ಐದನೆಯ ಭಾಗ ಸ್ಕೈರಿಮ್, 2011ರಲ್ಲಿ ಬಂದದ್ದು. ಅದರಲ್ಲಿ ವಿಂಟರ್‌ಹೋಲ್ಡ್ ಎಂಬ ಹಿಮದ ಊರಿನಾಚೆ, ಮುರಿದುಬಿದ್ದಂತಿರುವ ಎತ್ತರದ ಸೇತುವೆಯ ತುದಿಗೆ ಮಂತ್ರವಾದಿಗಳ ವಿದ್ಯಾಲಯವಿದೆ. ಊರಿನವರಿಗೆ ಅದರ ಮೇಲೆ ನಂಬಿಕೆಯಿಲ್ಲ, ಒಳಗಿರುವವರಿಗೆ ಊರಿನವರ ಗೊಡವೆಯಿಲ್ಲ. ಸೇತುವೆಯ ಬಾಯಲ್ಲಿ ಫಾರಾಲ್ಡಾ ಎಂಬಾಕೆ ತಡೆಯುತ್ತಾಳೆ. ಏಕೆ ಬಂದೆ ಎಂದು ವಿಚಾರಿಸಿ, ಇಂಥ ಮಂತ್ರ ಪ್ರಯೋಗಿಸಿ ತೋರಿಸು ಎನ್ನುತ್ತಾಳೆ. ನಮಗೆ ಆ ಮಂತ್ರ ಬಾರದಿದ್ದರೆ? ಅದನ್ನು ಅವಳೇ ಮೂವತ್ತು ನಾಣ್ಯಕ್ಕೆ ಮಾರುತ್ತಾಳೆ! ಕೊಂಡು, ಕಲಿತು, ಅಲ್ಲೇ ನಿಂತು ಪ್ರಯೋಗಿಸಿದರಾಯಿತು. ಆಮೇಲೆ ತಾನೇ ಮುಂದೆ ನಡೆದು ದಾರಿಯುದ್ದಕ್ಕೂ ಬೆಳಕು ಹೊತ್ತಿಸುತ್ತಾ ಕರೆದೊಯ್ಯುತ್ತಾಳೆ. ಮೊದಲ ತರಗತಿಯಲ್ಲಿ ಟೋಲ್ಫ್‌ಡೀರ್ ಎಂಬ ವೃದ್ಧ ಗುರು ರಕ್ಷಾಮಂತ್ರದಿಂದಲೇ ಪಾಠ ಶುರು ಮಾಡುತ್ತಾನೆ, ನಾವು ಪ್ರಯೋಗಾಲಯದಲ್ಲಿ ಸುರಕ್ಷತೆಯ ನಿಯಮಗಳಿಂದ ಶುರು ಮಾಡುವ ಹಾಗೆ. ಆ ಮಂತ್ರವೂ ಗೊತ್ತಿಲ್ಲವೆಂದರೆ ಕೂತ್ಕೋ ಎನ್ನುವುದಿಲ್ಲ, ಹೇಳಿಕೊಡುತ್ತಾನೆ.

ಆಡುವಾಗ ಇದು ನನಗೆ ತಮಾಷೆಯಾಗಿ ಕಂಡಿತ್ತು. ಪ್ರಶ್ನೆಪತ್ರಿಕೆಯ ಜೊತೆಗೇ ಉತ್ತರ ಮಾರುವ ಪರೀಕ್ಷಕಿ! ಈಗ ಹಾಗನ್ನಿಸುವುದಿಲ್ಲ. ಬಂದವನಿಗೆ ಏನು ಗೊತ್ತು ಎನ್ನುವುದಕ್ಕಿಂತ, ಕೊಟ್ಟರೆ ಹಿಡಿಯಬಲ್ಲನೇ ಎಂದು ಅವಳು ನೋಡುತ್ತಿದ್ದಾಳೆ. ವೈಗೋಟ್‌ಸ್ಕಿಯ ಸಮೀಪಸ್ಥ ವಿಕಾಸ ವಲಯವನ್ನು ಪರೀಕ್ಷೆಗೆ ಎರಡು ಪುಟ ಬರೆಯಬಲ್ಲ ನಾನು ಆ ಹುಡುಗನಿಗೆ ಒಂದು ನಿಮಿಷ ಕೊಡಲಿಲ್ಲ.

ಇದೇ ಸರಣಿಯಲ್ಲಿ 2006ರಲ್ಲಿ ಬಂದ 'ಒಬ್ಲಿವಿಯನ್'ನಲ್ಲಿ ಬಾಗಿಲು ಬೇರೆ ಬಗೆಯದು. ಅಲ್ಲಿ ಮಂತ್ರವಾದಿಗಳ ಸಂಘಕ್ಕೆ ಸೇರುವುದು ಸುಲಭ. ಆದರೆ ಅವರ ವಿಶ್ವವಿದ್ಯಾಲಯದ ಒಳಗೆ ಕಾಲಿಡಲು ಏಳು ಊರುಗಳ ಶಾಖಾ ಮುಖ್ಯಸ್ಥರಿಂದ ಏಳು ಶಿಫಾರಸು ಪತ್ರ ತರಬೇಕು. ಒಬ್ಬರಿಗೆ ಕಳೆದುಹೋದ ತಾಯಿತ ಹುಡುಕಿಕೊಡಬೇಕು, ಇನ್ನೊಬ್ಬರಿಗೆ ಕಾಣೆಯಾದ ಶಿಷ್ಯನನ್ನು. ಇದರಲ್ಲಿ ವಿದ್ಯೆ ಎಷ್ಟು, ಓಡಾಟ ಎಷ್ಟು ಎಂದು ಕೇಳಬಾರದು. (ರೆಕಾರ್ಡಿಗೆ ಸಹಿ ಹಾಕಿಸಲು ಅಲೆದವರಿಗೆ ನಾನು ಹೆಚ್ಚು ವಿವರಿಸಬೇಕಿಲ್ಲ.) ಶೇಡಿನ್‌ಹಾಲ್ ಎಂಬ ಊರಿನಲ್ಲಂತೂ ಫಾಲ್ಕರ್ ಎಂಬ ಮುಖ್ಯಸ್ಥ ಬಾವಿಯೊಳಗಿನ ಉಂಗುರ ತಾ ಎಂದು ಕಳಿಸುತ್ತಾನೆ. ಆ ಉಂಗುರ ಎಷ್ಟು ಭಾರವೆಂದರೆ ಎತ್ತಿಕೊಂಡವನು ಈಜಿ ಮೇಲೆ ಬರಲಾರ. ಹಿಂದೆ ಹೋದ ಶಿಷ್ಯನೊಬ್ಬನ ಹೆಣ ಇನ್ನೂ ಅಲ್ಲೇ ಇದೆ. ಬಾವಿಗೆ ಇಳಿಯುವ ಮುನ್ನ ಭಾರ ತಗ್ಗಿಸುವ ಮಂತ್ರ ಕೊಟ್ಟು ಕಾಪಾಡುವವಳು ಅದೇ ಶಾಖೆಯ ಡೀಟ್‌ಸನ್. ಕೊನೆಗೆ ಶಿಫಾರಸು ಪತ್ರ ಬರೆಯುವವಳೂ ಅವಳೇ. ಎಸ್‌ಸಿಎಲ್ ಬರೆದ ಹುಡುಗನ ಮಟ್ಟಿಗೆ ನಾನು ಆ ದಿನ ಫಾಲ್ಕರ್ ಆಗಿದ್ದೆ.

ಹುಡುಗನ ತರ್ಕದಲ್ಲಿ ತಪ್ಪೇನಿತ್ತು? ಕ್ಲೋರಿನ್‌ಗೆ ಸಿಎಲ್, ಕಾರ್ಬನ್‌ಗೆ ಸಿ, ಹಾಗಾದರೆ ಸೋಡಿಯಂಗೆ ಎಸ್ ಇರಲೇಬೇಕು. ಅದು ಎನ್ಎ ಆದದ್ದು ನೇಟ್ರಿಯಂ ಎಂಬ ಲ್ಯಾಟಿನ್ ಹೆಸರಿನಿಂದ. ಪೊಟ್ಯಾಸಿಯಂ ಕೆ ಆದದ್ದು ಕೇಲಿಯಂನಿಂದ, ಕಬ್ಬಿಣ ಎಫ್ಇ ಆದದ್ದು ಫೆರಂನಿಂದ. 19ನೇ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಈ ಸಂಕೇತಗಳನ್ನು ರೂಪಿಸಿದಾಗ ಲ್ಯಾಟಿನ್ ಅಲ್ಲಿನ ವಿದ್ವಾಂಸರೆಲ್ಲರಿಗೂ ಗೊತ್ತಿದ್ದ ಭಾಷೆ. ನಮ್ಮ ಕನ್ನಡ ಮಾಧ್ಯಮದ ಮಗುವಿಗೆ ಹೆಸರು ಕನ್ನಡ ಲಿಪಿಯಲ್ಲಿ, ಸಂಕೇತ ರೋಮನ್ ಲಿಪಿಯಲ್ಲಿ, ಅದರ ಮೂಲ ಯಾರೂ ಹೇಳದ ಮೂರನೆಯ ಭಾಷೆಯಲ್ಲಿ. ಗುಪ್ತ ಪಂಥವೊಂದರ ಸಂಕೇತಭಾಷೆ ಇದಕ್ಕಿಂತ ಭಿನ್ನವಾಗಿರುತ್ತದೆಯೇ?

ಇದನ್ನು ಮಾರ್ಗದರ್ಶಕರೊಬ್ಬರ ಬಳಿ ಹೇಳಿದಾಗ ಅವರು ಒಂದು ಆಕ್ಷೇಪ ಎತ್ತಿದರು: "ಬಾಗಿಲಲ್ಲೇ ಎಲ್ಲಾ ಕೊಟ್ರೆ ಮಟ್ಟ ಇಳಿಯಲ್ವೇನಪ್ಪಾ?" ಆಕ್ಷೇಪದಲ್ಲಿ ಹುರುಳಿದೆ. ಸ್ಕೈರಿಮ್‌ನಲ್ಲಿ ಬೆರಳೆಣಿಕೆಯ ಮಂತ್ರ ಕಲಿತವನೂ ಕತ್ತಿ ಬೀಸಿಕೊಂಡೇ ವಿದ್ಯಾಲಯದ ಮಹಾಗುರು ಆಗಿಬಿಡಬಹುದು. ಆದರೆ ಆ ದೋಷ ಬಾಗಿಲಿನದಲ್ಲ. ಒಳಗೆ ಬಂದ ಮೇಲೆ ಯಾರೂ ಮತ್ತೆ ಸರಿಯಾಗಿ ಕೇಳದೇ ಇರುವುದರದು.

ಆಕ್ಷೇಪಕ್ಕೆ ಉತ್ತರವೂ ಅದೇ ಸರಣಿಯಲ್ಲಿದೆ. ಸ್ಕೈರಿಮ್‌ನಲ್ಲಿ ಕಾಲವನ್ನು ನಿಲ್ಲಿಸಿ ಎದುರು ಬಂದು ಮಾತಾಡಿ ಮಾಯವಾಗುವ ಸೈಜಿಕ್ ಪಂಥದ ಸನ್ಯಾಸಿಗಳಿದ್ದಾರೆ. ಆ ಆಟದಲ್ಲಿ ಅವರನ್ನು ಸೇರಲು ದಾರಿಯೇ ಇಲ್ಲ. 'ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್'ನ 2018ರ 'ಸಮ್ಮರ್‌ಸೆಟ್' ಭಾಗದಲ್ಲಿ ಮಾತ್ರ ಅವರ ಮರೆಯಾಗಿದ್ದ ದ್ವೀಪ ಆರ್ಟೇಯಂ ಆಟಗಾರರಿಗೆ ತೆರೆಯಿತು. ಅಲ್ಲಿನ ಗುರು ಸೆಲಾರಸ್ ಪರೀಕ್ಷೆಗಿಂತ ಮೊದಲು ಕೆಲಸ ಕೊಡುತ್ತಾನೆ: ಕಾಲದಲ್ಲಿ ಬಿರುಕು ಬಿಟ್ಟಿದೆ, ನಕ್ಷೆ ಹಿಡಿದು ಹುಡುಕಿ ಮುಚ್ಚು. ಈ ಪಂಥದ ಹತ್ತು ಮೆಟ್ಟಿಲನ್ನೂ ಬಿರುಕು ಮುಚ್ಚುತ್ತಲೇ ಹತ್ತಬೇಕು. ಬೇರೆಲ್ಲೋ ಸಾವಿರ ರಾಕ್ಷಸರನ್ನು ಕೊಂದು ಗಳಿಸಿದ ಅನುಭವ ಇಲ್ಲಿ ಲೆಕ್ಕಕ್ಕಿಲ್ಲ. ಮೊದಲ ದಿನದಿಂದ ಪಂಥದ ನಿಜವಾದ ಕೆಲಸದಲ್ಲಿ ಪಾಲು, ಆದರೆ ಅಳತೆ ಬಿಗಿ. ಲೇವ್ ಮತ್ತು ವೆಂಗರ್ 1991ರಲ್ಲಿ ಹೇಳಿದ್ದೂ ಇದಕ್ಕೆ ಹತ್ತಿರ: ಹೊಸಬ ಅಂಚಿನಲ್ಲಿದ್ದುಕೊಂಡೇ ನಿಜವಾದ ಕೆಲಸದಲ್ಲಿ ಭಾಗಿಯಾಗುತ್ತಾ ಒಳಗಿನವನಾಗುತ್ತಾನೆ.

ನನ್ನ ಬೇಡಿಕೆ ಸಣ್ಣದು. ಪಾಠಯೋಜನೆಯ ನಮೂನೆಯಲ್ಲಿ 'ಪೂರ್ವಜ್ಞಾನ'ದ ಪಕ್ಕ ಇನ್ನೊಂದು ಕಾಲಂ ಇರಲಿ: 'ಇಲ್ಲದವರಿಗೆ ಅಲ್ಲೇ ಏನು ಕೊಡುವಿರಿ?' ವೀಕ್ಷಣಾ ನಮೂನೆಯಲ್ಲಿ ಅದಕ್ಕೂ ಅಂಕ ಇರಲಿ. ತಪ್ಪು ಉತ್ತರ ಬಂದಾಗ ಪಕ್ಕದವರನ್ನು ಎಬ್ಬಿಸುವುದಕ್ಕೆ ಈಗ ನಮಗೆ ಅಂಕ ಹೋಗುವುದಿಲ್ಲ, ಸಮಯ ಮೀರಿದರೆ ಹೋಗುತ್ತದೆ.

ಮುಂದಿನ ಪಾಠದ ದಿನ ಬೋರ್ಡಿನ ಮೂಲೆಯಲ್ಲಿ ಆರು ಧಾತುಗಳ ಲ್ಯಾಟಿನ್ ಹೆಸರು ಬರೆದಿಟ್ಟು, ಮೊನ್ನೆಯ ಎಸ್‌ಸಿಎಲ್ ಯೋಚಿಸಿ ಬರೆದ ಉತ್ತರ ಎಂದು ತರಗತಿಗೆ ಹೇಳಿದೆ. ಹುಡುಗ ಏನೂ ಹೇಳಲಿಲ್ಲ. ಗಂಟೆ ಹೊಡೆದ ಮೇಲೆ ಬಾಗಿಲ ಬಳಿ ನಿಂತಿದ್ದ. "ಬಲ್ಬಿನ ತಂತಿ ಟಂಗ್‌ಸ್ಟನ್ ಅಲ್ವಾ ಸರ್, ಅದಕ್ಕೆ ಡಬ್ಲ್ಯು ಅಂತ ಇದೆ. ಅದೂ ಲ್ಯಾಟಿನ್ನಾ?" ವೂಲ್ಫ್ರಾಂ ಎಂಬ ಹೆಸರು ನೆನಪಿತ್ತು, ಅದು ಯಾವ ಭಾಷೆಯದೆಂದು ನೆನಪಿರಲಿಲ್ಲ. ನೋಡಿಕೊಂಡು ಬಂದು ನಾಳೆ ಹೇಳುತ್ತೇನೆ ಎಂದೆ. "ನಾನೂ ನೋಡ್ಕೊಂಡ್ ಬರ್ತೀನಿ ಸರ್" ಎಂದು ಓಡಿದ.