ಹುಣಸೆ ಹುಳಿ ಹಾಕುವ ಮುನ್ನ



ಮೊನ್ನೆ ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳು ಜಾಮಿಟ್ರಿ ಬಾಕ್ಸಿನಲ್ಲಿ ಒಂದು ನಾಣ್ಯ ಇಟ್ಟುಕೊಂಡು ಬಂದಳು. ಹಬ್ಬಕ್ಕೆಂದು ಅಟ್ಟ ಗುಡಿಸುವಾಗ ಅಜ್ಜಿಯ ಹಳೆಯ ಎಲೆ ಅಡಿಕೆ ಚೀಲದಲ್ಲಿ ಸಿಕ್ಕಿದ್ದಂತೆ. ಒಂದು ಬದಿ ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಬದಿ ಕಪ್ಪು. ಏಕೆಂದು ಕೇಳಿದರೆ, "ಅಜ್ಜಿ ಹುಣಸೆ ಹುಳಿ ಹಾಕಿ ಉಜ್ಜುತ್ತಿತ್ತು ಸಾ, ನಾ ಕಿತ್ಕೊಂಡು ಬಂದೆ" ಎಂದಳು. ಆ ಮಗುವಿಗೆ ನಾವು ಋಣಿಗಳು.

ಸ್ಟಾಫ್ ರೂಮಿನಲ್ಲಿ ಎಲ್ಲರೂ ವಿಕ್ಟೋರಿಯಾ ರಾಣಿಯ ಕಾಲದ್ದು ಎಂದರು. ನಾವೂ ಹಾಗೇ ಅಂದುಕೊಂಡೆವು. ಆದರೆ ತೂಕ ಬೇರೆಯೇ ಹೇಳಿತು. ಪೇಟೆಯ ಅಕ್ಕಸಾಲಿಗರ ತಕ್ಕಡಿಯಲ್ಲಿ ಅದು 3.6 ಗ್ರಾಂ ಬಂತು. ರಾಣಿಯ ಬೆಳ್ಳಿ ರೂಪಾಯಿ 11.66 ಗ್ರಾಂ, ಅರ್ಧ ರೂಪಾಯಿ 5.83, ಕಾಲು ರೂಪಾಯಿ 2.92. ಇದು ಯಾವುದಕ್ಕೂ ಹೊಂದುವುದಿಲ್ಲ. ಅಂಚು ಗುಂಡಗೂ ಇಲ್ಲ, ಒಂದು ಕಡೆ ಸೀಳಿದೆ. ಸುತ್ತಲಿನ ಅಕ್ಷರಗಳು ಇಂಗ್ಲಿಷಿನವೇ, ಓದಿದರೆ ಮಾತ್ರ ಇಂಗ್ಲಿಷ್ ಅಲ್ಲ. ಮಕ್ಕಳು "ಎ, ವಿ, ಜಿ" ಎಂದು ಓದಿ ಅಲ್ಲೇ ನಿಂತರು. ಲ್ಯಾಟಿನ್ ಭಾಷೆಯಲ್ಲಿ ಆಗ ಯು ಅಕ್ಷರವನ್ನೂ ವಿ ಎಂದೇ ಕೆತ್ತುತ್ತಿದ್ದರು. ಅದು "ಆಗ್", ಅಂದರೆ ಆಗಸ್ಟಸ್ ಎಂಬುದರ ಮೊಟಕು. ಹಿಂಬದಿಯಲ್ಲಿ ಕುರ್ಚಿಯ ಮೇಲೆ ಕೂತ ಹೆಂಗಸು, ಕೈಯಲ್ಲಿ ದಂಡ ಮತ್ತು ಒಂದು ರೆಂಬೆ, ಪಕ್ಕದಲ್ಲಿ "ಪಾಂಟಿಫ್ ಮ್ಯಾಕ್ಸಿಮ್", ಅಂದರೆ ಪ್ರಧಾನ ಪುರೋಹಿತ. ಮುಂದಿನ ಮುಖಕ್ಕೆ ಎಲೆಯ ಕಿರೀಟ.

ಇದು ರೋಮಿನ ದೊರೆ ಟೈಬೀರಿಯಸನ ಬೆಳ್ಳಿ ದಿನಾರಿಯಸ್ ಮಾದರಿ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಯೇಸುವಿಗೆ ತೋರಿಸಿದ ತೆರಿಗೆಯ ಕಾಸು ಇದೇ ಎಂದು ಕ್ರೈಸ್ತ ವಿದ್ವಾಂಸರಲ್ಲಿ ಹಲವರು ಹೇಳುತ್ತಾರೆ. ಸಂಸ್ಕೃತಕ್ಕೆ ಬಂದ "ದೀನಾರ" ಎಂಬ ಮಾತಿನ ಮೂಲವೂ ಈ ದಿನಾರಿಯಸ್ಸೇ.

ರೋಮಿನ ಕಾಸು ತಾಳವಾಡಿ ಬೆಟ್ಟದ ಅಟ್ಟಕ್ಕೆ ಹೇಗೆ ಬಂತು ಎಂದು ನಕ್ಕವರೂ ಇದ್ದಾರೆ. ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ ದಾಟಿ ಹೋದರೆ ನಮ್ಮದೇ ಈರೋಡ್ ಜಿಲ್ಲೆಯಲ್ಲಿ, ನೊಯ್ಯಲ್ ಹೊಳೆಯ ದಡದಲ್ಲಿ ಕೊಡುಮಣಲ್ ಇದೆ. ಅಲ್ಲಿ ಅಗೆದಾಗ ಕಲ್ಲುಮಣಿ ಮಾಡುವ, ಕಬ್ಬಿಣ ಕಾಯಿಸುವ ಊರೇ ಸಿಕ್ಕಿತು. ಕೊಯಮತ್ತೂರು ಬಳಿಯ ವೆಳ್ಳಲೂರಿನಲ್ಲಿ 1842ರಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿ ನಾಣ್ಯಗಳು ನೂರಾರು ಸಿಕ್ಕವು. ಪುದುಕೋಟೆಯಲ್ಲಿ 1898ರಲ್ಲಿ ಸಿಕ್ಕಿದ ಚಿನ್ನದ ನಾಣ್ಯಗಳು 501, ಹೆಚ್ಚಿನವುಗಳಲ್ಲಿ ದೊರೆಯ ಮುಖಕ್ಕೆ ಉಳಿಯ ಕಚ್ಚು. ಘಟ್ಟದ ಮೇಲೆ ಬೆಂಗಳೂರಿನ ಯಶವಂತಪುರ, ಚಿತ್ರದುರ್ಗದ ಚಂದ್ರವಳ್ಳಿಗಳಲ್ಲೂ ಇಂಥ ದಿನಾರಿಗಳು ಸಿಕ್ಕಿವೆ. ಗಡಿ ಎಂಬುದು 1956ರದ್ದು. ಕಾಸಿಗೆ ಅದೇನು ಗೊತ್ತು!

ಹಾಗೆಂದು ಅಜ್ಜಿಯದು ಅಸಲಿ ಎಂದು ನಾವು ತೀರ್ಪು ಕೊಡುವುದಿಲ್ಲ. ಎರಕದ ನಕಲುಗಳು ಬೇಕಾದಷ್ಟಿವೆ. ನಕಲಾದರೆ ಅಂಚಿನ ಸುತ್ತ ಜೋಡಣೆಯ ಗೆರೆ, ಮೇಲ್ಮೈಯಲ್ಲಿ ಗಾಳಿಗುಳ್ಳೆಯ ಚುಕ್ಕೆ ಕಾಣಬಹುದು. ಭೂತಗನ್ನಡಿಯಲ್ಲಿ ನಮಗೆ ಅವು ಕಾಣಲಿಲ್ಲ, ಅಷ್ಟೇ. ಅಕ್ಷರ ತಪ್ಪಿದ್ದ ಮಾತ್ರಕ್ಕೆ ಈಗಿನ ನಕಲು ಎನ್ನುವಂತೆಯೂ ಇಲ್ಲ. ಲ್ಯಾಟಿನ್ ಬಾರದ ನಮ್ಮ ಹಳೆಯ ಕಮ್ಮಾರರೇ ಆ ಕಾಲದಲ್ಲಿ ಅನುಕರಣೆ ಹೊಡೆದಿದ್ದಾರೆ, ಅವಕ್ಕೂ ಬೆಲೆಯಿದೆ.

ಈಗ ನಮ್ಮ ಮುಖ್ಯ ಮಾತು. ಆ ಮನೆಯಲ್ಲಿ ಮೂರು ಅಭಿಪ್ರಾಯ ಹುಟ್ಟಿದವು. ಅಪ್ಪನಿಗೆ ಮಾರಬೇಕು. ಚಿಕ್ಕಪ್ಪನ ಮೊಬೈಲಿಗೆ ಹಳೆ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂಬ ಸಂದೇಶ ಬಂದಿದೆ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ ಎಂದು ತೋರಿಸಿದ ಮೇಲೆ ಅವರು ಸುಮ್ಮನಾದರು. ಅಜ್ಜಿಗೆ ಮಾತ್ರ ಹೆದರಿಕೆ: "ಹೊಲ ಉಳುವಾಗ ನಿಮ್ಮ ಅಜ್ಜನಿಗೆ ಸಿಕ್ಕಿದ್ದು ಅಂದ್ರೆ ಸರ್ಕಾರದವ್ರು ಬಂದು ಹೊಲ ಅಗೀತಾರೆ ಮೇಷ್ಟ್ರೇ."

ಈ ಹೆದರಿಕೆಯೇ ಎಷ್ಟೋ ನಾಣ್ಯಗಳನ್ನು ಅಕ್ಕಸಾಲಿಯ ಮೂಸೆಗೆ ಕಳಿಸಿದೆ. 1878ರ ನಿಧಿ ಕಾಯ್ದೆಯಲ್ಲಿ, ನೆಲದಲ್ಲಿ ಸಿಕ್ಕಿದ್ದು ಹತ್ತು ರೂಪಾಯಿಗೆ ಮೀರಿದರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು ಎಂದಿದೆ. ತಿಳಿಸಿದವನಿಗೆ ಹಕ್ಕೂ ಇದೆ, ಮುಚ್ಚಿಟ್ಟವನಿಗೇ ಶಿಕ್ಷೆ. ಆದರೆ ಇದನ್ನು ನಮ್ಮ ಜನಕ್ಕೆ ಕನ್ನಡದಲ್ಲಿ ಹೇಳಿದವರು ಯಾರು? ಹಿಂದೊಮ್ಮೆ ವೀರಗಲ್ಲೊಂದರ ವಿಷಯಕ್ಕೆ ನಾವು ಒಂದು ಕಚೇರಿಗೆ ಹೋಗಿದ್ದೆವು. ಕೊಟ್ಟ ಫಾರಂ ನಮ್ಮ ಜೊತೆ ಬಂದ ರೈತರಿಗೆ ಓದಲು ಬರಲಿಲ್ಲ, ವಿವರಿಸುವ ವ್ಯವಧಾನ ಅಲ್ಲಿದ್ದವರಿಗೆ ಇರಲಿಲ್ಲ. ರೈತರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ತಪ್ಪು ರೈತರದ್ದು ಎಂದು ನಾವು ಒಪ್ಪುವುದಿಲ್ಲ.

ನಾಣ್ಯದ ಬೆಲೆ ಬೆಳ್ಳಿಯಲ್ಲಿಲ್ಲ, ಅದು ಸಿಕ್ಕ ಜಾಗದಲ್ಲಿದೆ. ಯಾವ ಹೊಲ, ಎಷ್ಟು ಆಳ, ಜೊತೆಗೆ ಮಡಕೆ ಚೂರು ಇತ್ತೇ ಎಂಬುದು ಅಜ್ಜಿಯ ನೆನಪಿನಲ್ಲಿ ಮಾತ್ರ ಇದೆ. ಅಜ್ಜಿಗೆ ಎಂಬತ್ತಾಗುತ್ತಾ ಬಂತು. ಅದಕ್ಕೇ ಮೊದಲು ಆ ಮಾತನ್ನು ಬರೆದುಕೊಳ್ಳಿ ಎಂದು ಮಗುವಿಗೆ ಹೇಳಿದೆವು. ಎರಡು ಪುಟ ಬರೆದಿದ್ದಾಳೆ, ಕಾಗುಣಿತ ತಿದ್ದಿಲ್ಲ. ನಿಮ್ಮ ಮನೆಯಲ್ಲಿ ಇಂಥದ್ದು ಸಿಕ್ಕರೆ ಹುಳಿ, ಬೂದಿ, ಹಲ್ಲುಜ್ಜುವ ಪೇಸ್ಟು ಯಾವುದೂ ಬೇಡ. ತಾಯತಕ್ಕೆಂದು ತೂತು ಕೊರೆಯಬೇಡಿ. ಪ್ಲಾಸ್ಟಿಕ್ ಕವರ್ ಬಿಟ್ಟು ಒಣ ಕಾಗದದ ಲಕೋಟೆಯಲ್ಲಿಡಿ, ಎರಡೂ ಬದಿಯ ಫೋಟೋ ತೆಗೆಯಿರಿ.

ಬರುವ ಶನಿವಾರ ಅಜ್ಜಿ, ಮೊಮ್ಮಗಳು ಮತ್ತು ನಾವು ಈರೋಡಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗುವುದೆಂದು ಆಗಿದೆ. ಕಲೆಕ್ಟರಿಗೆ ಕೊಡುವ ಅರ್ಜಿಯನ್ನೂ ಬರೆದಿಟ್ಟಿದ್ದೇವೆ. ಅಜ್ಜಿಯ ಷರತ್ತು ಒಂದೇ, ಕಾಸು ಇಟ್ಟುಕೊಂಡರೆ ರಸೀತಿ ಕನ್ನಡದಲ್ಲಿ ಬೇಕು. ಕನ್ನಡದ ಪ್ರತಿ ನಾವೇ ಬರೆದುಕೊಂಡು ಹೋಗುತ್ತೇವೆ, ಅವರು ಮೊಹರು ಹಾಕಿದರೆ ಸಾಕು ಎಂದಿದ್ದೇವೆ.