ನೋಡೋಣ ಸಾರ್

ಹೊಸ ಮ್ಯಾನೇಜರ್ ಬಂದ ಮೊದಲ ವಾರ ಆಫೀಸು ಹೇಗಿರುತ್ತೆ ಅಂತ ನಿಮಗೂ ಗೊತ್ತಿರಬೇಕಲ್ಲ? ಎಲ್ಲರೂ ಒಂಬತ್ತೂವರೆಗೇ ಸೀಟಿನಲ್ಲಿ. ಕಾಫಿ ಮಷೀನಿನ ಹತ್ತಿರ ಪಿಸುಪಿಸು: ಯಾವ ಊರಂತೆ, ರಜೆ ಕೊಡ್ತಾರಂತಾ? ಅವರ ಜೋಕಿಗೆ ಸ್ವಲ್ಪ ಜಾಸ್ತಿಯೇ ನಗು. ನಾನೂ ನಕ್ಕಿದ್ದೇನೆ ಬಿಡಿ :)

ಆದ್ರೆ ಹೊಸ ಬಾಸ್ ಜೊತೆ ಸಂಬಂಧ ಕುದುರೋದು ಇದರಿಂದಲ್ಲ. ಮೊದಲನೇ ಕೆಟ್ಟ ಸುದ್ದಿಯನ್ನ ನಾವು ಯಾವಾಗ ಹೇಳ್ತೀವಿ ಅನ್ನೋದರಿಂದ.

ಇದು ನಾನು ಪೆಟ್ಟು ತಿಂದು ಕಲಿತದ್ದು. ಹಳೇ ಮ್ಯಾನೇಜರ್ ಜೊತೆ ಮೂರು ವರ್ಷ ಇದ್ದೆ. ಮೀಟಿಂಗಿನಲ್ಲಿ ನಾನು "ನೋಡೋಣ ಸಾರ್" ಅಂದ್ರೆ "ಆಗಲ್ಲ" ಅಂತ ತಿಳ್ಕೊಂಡು ಅವರೇ ಎರಡು ದಿನ ಸೇರಿಸೋರು. ಹೊಸಬರಿಗೂ ಅದೇ "ನೋಡೋಣ ಸಾರ್" ಅಂದೆ. ಅವರು "ಆಗುತ್ತೆ" ಅಂತ ತಿಳಿದು ಕ್ಲೈಂಟಿಗೆ ತಾರೀಖು ಕೊಟ್ಟುಬಿಟ್ಟರು. ಡೇಟಾಬೇಸ್ ಬದಲಾಯಿಸೋ ಕೆಲಸ ಅರ್ಧಕ್ಕೆ ನಿಂತಿತ್ತು. ರಾತ್ರಿ ಕೂತು ಮುಗಿಸ್ತೀನಿ ಅನ್ನೋ ಹುಂಬ ಧೈರ್ಯ ನನಗೆ. ಮುಗೀಲಿಲ್ಲ. ರಿಲೀಸಿನ ಹಿಂದಿನ ದಿನ ಟೆಸ್ಟಿಂಗ್‌ನವರ ಮೇಲ್ ನೋಡಿ ಅವರಿಗೆ ವಿಷಯ ತಿಳೀತು. ಬೈಲಿಲ್ಲ. "ನಿಮಗೆ ಯಾವಾಗ ಗೊತ್ತಾಯ್ತು?" ಅಂದ್ರು ಅಷ್ಟೇ. "ಹತ್ತು ದಿನದ ಹಿಂದೆ ಸಾರ್." ಆಮೇಲೆ ನಾನು ಏನೇ ಹೇಳಿದ್ರೂ ಇನ್ನೊಬ್ಬರನ್ನ ಕೇಳಿ ಖಾತ್ರಿ ಮಾಡ್ಕೊಳ್ಳೋರು. ಬೈದಿದ್ರೇ ವಾಸಿ ಇತ್ತು.

ನಮ್ಮ ಶಿರವಾಳದ ಪಕ್ಕದ ತಾಲೂಕು ಸುರಪುರ. ಅಲ್ಲಿ ಟೇಲರ್ ಮಂಜಿಲ್ ಇದೆ. 1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಬಂದಾಗ ಇಡೀ ಸಂಸ್ಥಾನಕ್ಕೇ ಹೊಸ ಬಾಸ್. ರಾಣಿ ಈಶ್ವರಮ್ಮನ ಜೊತೆ ಜಟಾಪಟಿ ಆದರೂ ಹುಡುಗ ರಾಜ ವೆಂಕಟಪ್ಪ ನಾಯಕ ಅವನನ್ನ "ಅಪ್ಪಾ" ಅಂತಲೇ ಕರೀತಿದ್ದ. 1853ರಲ್ಲಿ ಟೇಲರ್ ಹೊರಟುಹೋದ. 1858ರಲ್ಲಿ ಬ್ರಿಟಿಷರು ಕಳಿಸಿದ ಕ್ಯಾಂಪ್‌ಬೆಲ್ ಜೊತೆ ಮಾತು ಕೂಡಲಿಲ್ಲ, ಕಾಳಗವೇ ಆಯ್ತು. ಸೆರೆಯಲ್ಲಿದ್ದ ರಾಜ ಮನಸ್ಸು ಬಿಚ್ಚಿ ಮಾತಾಡಿದ್ದು ಮತ್ತೆ ಟೇಲರ್ ಹತ್ತಿರವೇ. ಅದು ಸ್ವಾತಂತ್ರ್ಯದ ಹೋರಾಟ, ನನ್ನ ರಿಲೀಸ್ ಡೇಟಿಗೆ ಹೋಲಿಸಿದ್ರೆ ಊರಿನವರು ಹೊಡೆದಾರು! ನಾನು ಹೇಳ್ತಿರೋದು ಇಷ್ಟೇ: ಒಬ್ಬ ಅಧಿಕಾರಿ ಜೊತೆ ಇದ್ದ ಸಲಿಗೆ ಅವನ ಜೊತೆಗೇ ಹೋಗುತ್ತೆ. ನಾವು ನಾಲೆಜ್ ಟ್ರಾನ್ಸ್‌ಫರ್ ಅಂತ ಮಾಡ್ತೀವಲ್ಲ, ಅದರಲ್ಲಿ ಪಾಸ್‌ವರ್ಡು, ಡಾಕ್ಯುಮೆಂಟು ಎಲ್ಲಾ ಹೋಗುತ್ತೆ, ನನ್ನ "ನೋಡೋಣ ಸಾರ್"ನ ಅರ್ಥ ಹೋಗಲ್ಲ.

ಆ ವಾರ ಊರಿಗೆ ಹೋದಾಗ ಅಪ್ಪನಿಗೆ ಹೇಳಿದೆ. ಅಪ್ಪ ಬಹಳ ವರ್ಷ ಇನ್ನೊಬ್ಬರ ಹೊಲ ಪಾಲಿಗೆ ಮಾಡಿದವರು. "ಹತ್ತಿಗೆ ಹುಳ ಬಿತ್ತಂದ್ರ ಸಾಹುಕಾರಗ ನಾನೇ ಮೊದಲ ಹೋಗಿ ಹೇಳ್ತಿದ್ದೆ. ಮಂದಿ ಹೇಳಿದ್ರ ನಾ ಕಳ್ಳ ಆಗ್ತೀನಿ. ನಾನೇ ಹೇಳಿದ್ರ ಇಬ್ರೂ ಕೂಡಿ ಎಣ್ಣಿ ಹೊಡಸ್ತೀವಿ" ಅಂದ್ರು. ಎಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಸೋಮವಾರ ಹೋಗಿ ಬಾಸ್ ಹತ್ತಿರ ಹತ್ತು ನಿಮಿಷ ಕೇಳಿದೆ. ನನ್ನ ಕೆಲಸದಲ್ಲಿ ಇನ್ನೂ ಎರಡು ಕಡೆ ತೊಂದರೆ ಇತ್ತು, ಅವರಿಗೆ ಗೊತ್ತಿರಲಿಲ್ಲ. ಎರಡನ್ನೂ ಹೇಳಿದೆ. ಕೈ ಒದ್ದೆಯಾಗಿತ್ತು. ಅವರು ಬೋರ್ಡಿನಲ್ಲಿ ಬರೆದುಕೊಂಡು, "ಒಂದನ್ನ ಮುಂದಿನ ತಿಂಗಳಿಗೆ ಹಾಕಿಸ್ತೀನಿ, ಇನ್ನೊಂದಕ್ಕೆ ಯಾರು ಬೇಕು ಹೇಳಿ" ಅಂದ್ರು. ಈಗಲೂ "ನೋಡೋಣ" ಅಂತ ಬಾಯಿಗೆ ಬರುತ್ತೆ. ಬಂದ್ರೆ ಅವರೇ ನಗ್ತಾ ಕೇಳ್ತಾರೆ, "ಆಗುತ್ತಾ, ಆಗಲ್ವಾ?"